ಯೋಗಕ್ಕೆ ಮೊದಲ ವಾರ 19 ಜನ, ಈಗ 5: ಹಿರಿಯರ ಕ್ಲಾಸುಗಳು ಯಾಕೆ ನಿಂತುಹೋಗುತ್ತವೆ?

ಗಣಿತದ ಮೇಡಂ · ಸೋಮವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನನಗೆ 72 ವರ್ಷ. ಮಂಡ್ಯದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟೆ. ಯಜಮಾನರು ಹೋದ ಮೇಲೆ, ಎರಡು ವರ್ಷದಿಂದ ಮೈಸೂರಿನ ರಿಂಗ್ ರೋಡ್ ಆಚೆಗಿರುವ ಒಂದು ಹಿರಿಯರ ವಸತಿಯಲ್ಲಿದ್ದೇನೆ. ಒಟ್ಟು 46 ಜನ ಇದ್ದೇವೆ. ಊಟ ಚೆನ್ನಾಗಿದೆ, ನರ್ಸ್ ಇದ್ದಾರೆ, ಓಡಾಡೋಕೆ ಜಾಗ ಇದೆ.

ಇಲ್ಲಿನ ಕ್ಲಾಸುಗಳ ವೇಳಾಪಟ್ಟಿ ಮಾಡುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಸದ್ಯಕ್ಕೆ ದಿನಾ ಬೆಳಗ್ಗೆ ಆರೂವರೆಗೆ ಯೋಗ, ಬುಧವಾರ ಹನ್ನೊಂದಕ್ಕೆ ಉಪನ್ಯಾಸ, ಶುಕ್ರವಾರ ಭಜನೆ, ಶನಿವಾರ ಮೊಬೈಲ್ ಕ್ಲಾಸ್. ಯೋಗಕ್ಕೆ ಮೊದಲ ವಾರ 19 ಜನ ಬಂದರು, ಈಗ 5. ಉಪನ್ಯಾಸಕ್ಕೆ 30 ಇದ್ದದ್ದು 8 ಆಗಿದೆ. ಆ 8 ಜನರಲ್ಲಿ ಇಬ್ಬರು ಕೂತಲ್ಲೇ ನಿದ್ದೆ ಹೋಗುತ್ತಾರೆ.

"ವಯಸ್ಸಾಯ್ತಲ್ಲ ಮೇಡಂ, ಆಸಕ್ತಿ ಇರಲ್ಲ" ಅಂತ ಆಫೀಸಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದೇ ಜನ ಊಟದ ಟೇಬಲ್ ಮೇಲೆ ಕಾವೇರಿ ನೀರಿನ ಬಗ್ಗೆ ಒಂದು ಗಂಟೆ ವಾದ ಮಾಡುತ್ತಾರೆ. ಆಸಕ್ತಿ ಇಲ್ಲದವರು ಹಾಗೆ ಮಾತಾಡುತ್ತಾರಾ?

ನೀವೋ ನಿಮ್ಮ ಮನೆಯ ಹಿರಿಯರೋ ಇಂಥ ಕಡೆ ಇದ್ದರೆ ದಯವಿಟ್ಟು ಹೇಳಿ. ಯಾವ ಕ್ಲಾಸ್ ನಡೆಯಿತು, ಯಾವುದು ನಿಂತಿತು, ಯಾಕೆ? ಹೊಸ ಪಟ್ಟಿಯನ್ನು ಭಾನುವಾರ ಕೊಡಬೇಕು.

ಸರಸ್ವತಿಪುರಂ ಸೊಸೆ

ಆರೂವರೆ ಅಂದರೆ ನಮ್ಮತ್ತೆ ಬರುವುದೇ ಇಲ್ಲ. ಎದ್ದ ತಕ್ಷಣ ಅವರ ಮಂಡಿ ಬಗ್ಗುವುದಿಲ್ಲ. ಬಿಸಿನೀರಿನ ಸ್ನಾನ, ಕಾಫಿ, ತಿಂಡಿ ಆಗಿ ಹತ್ತು ಗಂಟೆಗೆ ಕರೆದರೆ ಮೊದಲು ಅವರೇ ಹೋಗಿ ಕೂರುತ್ತಾರೆ.

ಕೆರೆ ಏರಿ ನಡಿಗೆ

ನನಗೆ 69. ದಿನಾ ಐದೂಮುಕ್ಕಾಲಿಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇರುತ್ತೇನೆ, ಮಳೆ ಬಂದರೂ ಬಿಡುವುದಿಲ್ಲ. ಸಮಯ ಬದಲಾಯಿಸಿದರೆ ಶಿಸ್ತು ಹೋಗುತ್ತದೆ ಅಷ್ಟೇ. ಹಳೇ ಮೈಸೂರಿನವರು ಬೆಳಗ್ಗೆ ಏಳುವವರು ರೀ.

ಸರಸ್ವತಿಪುರಂ ಸೊಸೆ

ಸಾರ್, ನೀವು ನಡೆಯುತ್ತೀರಿ, ಸಂತೋಷ. ಆದರೆ ಮಂಡಿ ಸವೆದವರ ಬೆಳಗಿನ ನೋವಿಗೂ ಶಿಸ್ತಿಗೂ ಸಂಬಂಧ ಇಲ್ಲ.

ವಾರ್ಡ್ ಸಿಸ್ಟರ್

ನಾನು 28 ವರ್ಷ ನರ್ಸ್ ಆಗಿದ್ದೆ. ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಹೇಳುತ್ತೇನೆ. ಬಿಪಿ ಮತ್ತು ಹೃದಯದ ತೊಂದರೆ ಇರುವ ತುಂಬಾ ಜನರಿಗೆ ಬೆಳಗ್ಗೆ ನೀರಿನ ಮಾತ್ರೆ ಇರುತ್ತದೆ. ಅದನ್ನು ನುಂಗಿದ ಮೇಲೆ ಎರಡು ಮೂರು ಗಂಟೆ ಮೇಲಿಂದ ಮೇಲೆ ಬಾತ್‌ರೂಮಿಗೆ ಹೋಗಬೇಕು. ಇನ್ನು ಗಂಡಸರಿಗೆ ಪ್ರಾಸ್ಟೇಟ್, ಹೆಂಗಸರಿಗೆ ಕೆಮ್ಮಿದರೆ ಸೀನಿದರೆ ಹನಿ ಬೀಳುವ ತೊಂದರೆ. ಒಂದು ಗಂಟೆ ಕೂರುವುದೆಂದರೆ ಅವರಿಗೆ ಭಯ. ಮಧ್ಯದಲ್ಲಿ ಎದ್ದು ಹೋದರೆ ಎಲ್ಲರೂ ನೋಡುತ್ತಾರೆ ಅಂತ ಇನ್ನೂ ಭಯ. ಹಾಗಾಗಿ "ಮನಸ್ಸಿಲ್ಲ" ಅಂದುಬಿಡುತ್ತಾರೆ.

ಮೇಡಂ, ಹಾಲ್‌ನಿಂದ ಬಾತ್‌ರೂಮ್ ಎಷ್ಟು ದೂರ? 40 ನಿಮಿಷ ಆದ ಮೇಲೆ ಬಿಡುವು ಕೊಡುತ್ತೀರಾ?

ಗಣಿತದ ಮೇಡಂ

ಸಿಸ್ಟರ್, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನನಗೂ ಇದೇ ಮಾತ್ರೆ ಇದೆ, ಆದರೂ ಹೊಳೆದಿರಲಿಲ್ಲ. ಬಾತ್‌ರೂಮ್ ಇರುವುದು ಹಾಲ್‌ನ ಹಿಂದಿನ ಬಾಗಿಲ ಪಕ್ಕ. ಬಿಡುವು ಕೊಡುತ್ತಿಲ್ಲ. ಉಪನ್ಯಾಸ ಒಂದೂವರೆ ಗಂಟೆ ನಡೆಯುತ್ತದೆ.

ಪದ್ಮಾಸನ

ಯೋಗದ ವಿಷಯಕ್ಕೆ ಬರೋಣ. ಈಗ ಎಲ್ಲ ಕಡೆ ಕುರ್ಚಿ ಮೇಲೆ ಕೂರಿಸಿ ಕೈ ಆಡಿಸಿ "ಯೋಗ" ಅನ್ನುತ್ತಿದ್ದಾರೆ. ಅದು ಯೋಗವೇ ಅಲ್ಲ. ನೆಲದ ಮೇಲೆ ಕೂರುವುದು ನಮ್ಮ ಅಭ್ಯಾಸ, ಅದನ್ನು ಬಿಡಬಾರದು. ಮೈಸೂರಿನಂಥ ಊರಲ್ಲಿ ಕುರ್ಚಿ ಯೋಗ ಅಂದರೆ ಬೇಜಾರಾಗುತ್ತದೆ.

ಜಗನ್ಮೋಹನದ ನೆನಪು

ಬೇಜಾರು ಬೇಡ, ಮೈಸೂರಿನ ಕಥೆಯನ್ನೇ ಪೂರ್ತಿ ನೋಡೋಣ. ನಾಲ್ವಡಿಯವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ್ದು 1933ರಿಂದ. ಅಲ್ಲಿ ಕಲಿತವರು ಚಿಕ್ಕ ಹುಡುಗರು, ಹಾಗಾಗಿ ನೆಗೆಯುವ ಬಾಗುವ ಆಸನಗಳು ಜಾಸ್ತಿ. ಅದೇ ಕೃಷ್ಣಮಾಚಾರ್ಯರು ಮದರಾಸಿಗೆ ಹೋದ ಮೇಲೆ ಒಬ್ಬೊಬ್ಬರ ವಯಸ್ಸು, ಕಾಯಿಲೆ ನೋಡಿ ಬೇರೆ ಬೇರೆ ಪಾಠ ಹೇಳಿದರು. ನೂರು ವರ್ಷ ಬಾಳಿದರು. 1934ರಲ್ಲಿ ಮೈಸೂರಿಗೆ ಬಂದು ಅವರಲ್ಲೇ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಮುಂದೆ ಕುರ್ಚಿ, ಹಗ್ಗ, ಮರದ ಇಟ್ಟಿಗೆ ಎಲ್ಲವನ್ನೂ ಆಸನಕ್ಕೆ ಬಳಸಿದರು. ಕುರ್ಚಿ ಹೊರಗಿನಿಂದ ಬಂದದ್ದಲ್ಲ ಸ್ವಾಮಿ.

ಪದ್ಮಾಸನ

ಅವರು ಕುರ್ಚಿ ಬಳಸಿದ್ದು ಕಷ್ಟದ ಆಸನ ಸಾಧಿಸೋಕೆ. ಸುಮ್ನೆ ಕೂರೋಕೆ ಅಲ್ಲ. ಈ ವ್ಯತ್ಯಾಸವಾದರೂ ಒಪ್ಪಿಕೊಳ್ಳಿ.

ಜಗನ್ಮೋಹನದ ನೆನಪು

ಅದನ್ನು ಒಪ್ಪುತ್ತೇನೆ.

ಫಿಸಿಯೋ ವಿಜಯನಗರ

ನೆಲವೋ ಕುರ್ಚಿಯೋ ಆಮೇಲೆ ನೋಡೋಣ. ಮೊದಲು ಯಾರಿಗೆ ಏನು ಮಾಡಿಸಬಾರದು ಅಂತ ಗೊತ್ತಿರಬೇಕು. ಕಣ್ಣಿನ ಒತ್ತಡ, ಅಂದರೆ ಗ್ಲಾಕೋಮ ಇರುವವರಿಗೆ ತಲೆ ಕೆಳಗಾಗುವ ಯಾವ ಭಂಗಿಯೂ ಬೇಡ. ಮೂಳೆ ಟೊಳ್ಳಾದವರು, ಅಂದರೆ ಆಸ್ಟಿಯೊಪೊರೋಸಿಸ್ ಇರುವವರು, ಬೆನ್ನು ಗೂನು ಮಾಡಿ ಮುಂದಕ್ಕೆ ಬಾಗಬಾರದು, ಬೆನ್ನುಮೂಳೆ ಕುಸಿಯಬಹುದು. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಕಪಾಲಭಾತಿ ಬೇಡ. ಶವಾಸನದಿಂದ ಧಡಕ್ಕನೆ ಎಬ್ಬಿಸಬೇಡಿ. ಪಕ್ಕಕ್ಕೆ ತಿರುಗಿ, ಕೂತು, ಒಂದು ನಿಮಿಷ ಬಿಟ್ಟು ಎದ್ದರೆ ತಲೆ ಸುತ್ತುವುದಿಲ್ಲ. ನಿಮ್ಮ ಯೋಗ ಟೀಚರ್ ಬಳಿ 19 ಜನರ ಕಾಯಿಲೆ ಪಟ್ಟಿ ಇತ್ತಾ?

ಇನ್ನೊಂದು ಮಾತು. ಉಸಿರಾಟ ಮತ್ತು ಕೈಕಾಲು ಎಳೆತ ಒಳ್ಳೆಯದೇ, ಆದರೆ ಅಷ್ಟೇ ಸಾಲದು. 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದು: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ, ಜೊತೆಗೆ ವಾರಕ್ಕೆ 3 ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ. ನಮ್ಮ ಕಡೆ ಬಿಟ್ಟುಹೋಗುವುದು ಈ ಸಮತೋಲನ ಮತ್ತು ಬಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಿಲ್ಲುವುದು. ಬೀಳದಂತೆ ಕಾಪಾಡುವುದು ಇವೇ.

ಪರೀಕ್ಷೆ ಬೇಕಾದರೆ ಹೀಗೆ ಮಾಡಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಕೆರೆ ಏರಿ ನಡಿಗೆ

ಈಗ ಮನೆಯಲ್ಲಿ ಮಾಡಿ ನೋಡಿದೆ. 9 ಸೆಕೆಂಡ್. ಆದರೆ ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಿಲ್ಲೋಕೆ ಆಗಲಿಲ್ಲ, ವಾಲಿದೆ. ಹತ್ತು ವರ್ಷದಿಂದ ನಡೆಯುತ್ತಿದ್ದೇನೆ, ಇದು ಗೊತ್ತೇ ಇರಲಿಲ್ಲ.

ಫಿಸಿಯೋ ವಿಜಯನಗರ

ಇವತ್ತಿನಿಂದಲೇ ಅಡುಗೆಮನೆ ಕಟ್ಟೆ ಹಿಡಿದು ಶುರು ಮಾಡಿ ಸಾರ್. ಬರುತ್ತದೆ.

ಮಂಡ್ಯ ಹೈದ

ನನ್ನದು ಬೇರೆ ಕಥೆ. ನಮ್ಮಪ್ಪನಿಗೆ 76. ಅರವತ್ತು ವರ್ಷ ವಿ.ಸಿ. ನಾಲೆ ನೀರಲ್ಲಿ ಕಬ್ಬು ಭತ್ತ ಬೆಳೆದವರು. ಅಮ್ಮ ತೀರಿಕೊಂಡ ಮೇಲೆ ಮೈಸೂರಿನ ಹಿರಿಯರ ವಸತಿಯೊಂದಕ್ಕೆ ಸೇರಿಸಿದೆವು. ಅಲ್ಲಿ ಒಬ್ಬ ಹುಡುಗಿ ಬಂದು ಬಣ್ಣದ ಪೆನ್ಸಿಲ್ ಕೊಟ್ಟು ಚಿಟ್ಟೆಗೆ ಬಣ್ಣ ತುಂಬಿ ಅಂದಳಂತೆ. ತುಂಬಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅಪ್ಪ ಆ ರಾತ್ರಿ ಫೋನ್ ಮಾಡಿ "ನನ್ನ ಯಾಕಪ್ಪ ಅಂಗನವಾಡಿಗೆ ಹಾಕಿದೆ?" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮೂರನೇ ತಿಂಗಳು ನಾನೇ ಹೋಗಿ ಕೇಳಿಕೊಂಡೆ, ಹಿತ್ತಲಲ್ಲಿ ಒಂದು ತುಂಡು ಜಾಗ ಕೊಡಿ ಅಂತ. ಕೊಟ್ಟರು. ಸೊಂಟದ ಎತ್ತರಕ್ಕೆ ಇಟ್ಟಿಗೆ ಕಟ್ಟಿಸಿ ಮಣ್ಣು ತುಂಬಿದೆವು, ಬಗ್ಗಬೇಕಿಲ್ಲ. ಈಗ ಅಪ್ಪ ಹನ್ನೊಂದು ಜನಕ್ಕೆ ಸೊಪ್ಪು ಬೆಳೆಯುವುದು ಹೇಳಿಕೊಡುತ್ತಾರೆ. ಬ್ಯಾಂಕ್ ಮ್ಯಾನೇಜರ್ ಆಗಿದ್ದವರು ಒಬ್ಬರು ನಮ್ಮಪ್ಪನ್ನ "ಗುರುಗಳೇ" ಅಂತ ಕರೆಯುತ್ತಾರೆ. ಕಿತ್ತ ಸೊಪ್ಪು ಅಲ್ಲೇ ಸಾರಿಗೆ ಹೋಗುತ್ತದೆ.

ಬಾಳೆಗೊನೆ

ಆ ಮಣ್ಣಲ್ಲಿ ನಂಜನಗೂಡು ರಸಬಾಳೆ ಹಾಕಿ ನೋಡಿದಿರಾ?

ಮಂಡ್ಯ ಹೈದ

ಇಟ್ಟಿಗೆ ತೊಟ್ಟಿಯಲ್ಲಿ ಬಾಳೆ ಸರಿಯಾಗಲ್ಲ ಅಣ್ಣ. ಅದೂ ಅಲ್ಲದೆ ರಸಬಾಳೆಗೆ ಪನಾಮ ಸೊರಗು ರೋಗ ಬೆನ್ನು ಬಿಡುತ್ತಿಲ್ಲ. ಒಂದು ಸಲ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಅಪ್ಪ ವೀಳ್ಯದೆಲೆ ಬಳ್ಳಿ ಒಂದು ಹಬ್ಬಿಸಿದ್ದಾರೆ, ಮೈಸೂರು ಚಿಗುರೆಲೆಯದೇ.

ಪುಸ್ತಕದ ಹುಳು

ಮಂಡ್ಯದ ಅಣ್ಣ ಹೇಳಿದ್ದರಲ್ಲಿ ಉತ್ತರ ಇದೆ. 1973ರಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ ಹಿರಿಯರಿಗಾಗಿಯೇ ಒಂದು ವಿಶ್ವವಿದ್ಯಾಲಯ ಶುರುವಾಯಿತು, ಮೂರನೇ ವಯಸ್ಸಿನ ವಿಶ್ವವಿದ್ಯಾಲಯ ಅಂತ. ಅಲ್ಲಿ ಪ್ರೊಫೆಸರುಗಳು ಹೇಳುತ್ತಿದ್ದರು, ಹಿರಿಯರು ಕೇಳುತ್ತಿದ್ದರು. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದಾಗ ಅವರು ಪದ್ಧತಿ ಬದಲಿಸಿದರು. ಹೊರಗಿನ ಮೇಷ್ಟ್ರು ಬೇಡ, ಪರೀಕ್ಷೆ ಬೇಡ, ಡಿಗ್ರಿ ಬೇಡ. ಗೊತ್ತಿರುವವರು ಹೇಳಿಕೊಡಿ, ನಾಳೆ ನೀವೇ ಇನ್ನೊಬ್ಬರ ಕ್ಲಾಸಿನಲ್ಲಿ ಕೂತು ಕಲಿಯಿರಿ. ಅದು ಅಲ್ಲಿ ಊರೂರಿಗೆ ಹಬ್ಬಿತು.

ಮೇಡಂ, 46 ಜನ ಅಂದಿರಿ. ಅವರೆಲ್ಲ ಏನೇನು ಕೆಲಸ ಮಾಡಿದ್ದವರು? ಒಂದು ಪಟ್ಟಿ ಮಾಡಿ ನೋಡಿ.

ಹಳೇ ಮೇಷ್ಟ್ರು

ಫ್ರಾನ್ಸಿನವರೆಗೆ ಯಾಕೆ ಹೋಗಬೇಕು? ನಮ್ಮ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸ ಅಂತ ಮಾಡುತ್ತಿತ್ತು. ದೊಡ್ಡ ದೊಡ್ಡ ಪ್ರೊಫೆಸರುಗಳು ಹಳ್ಳಿ, ತಾಲ್ಲೂಕು ಕೇಂದ್ರಗಳಿಗೆ ಹೋಗಿ ಕನ್ನಡದಲ್ಲಿ ನಕ್ಷತ್ರ, ಕಾಯಿಲೆ, ಇತಿಹಾಸದ ಬಗ್ಗೆ ಮಾತಾಡುತ್ತಿದ್ದರು. ಆಮೇಲೆ ಅವು ಚಿಕ್ಕ ಪುಸ್ತಕಗಳಾಗಿ ಬರುತ್ತಿದ್ದವು. ನಮ್ಮ ತಾತನ ಪೆಟ್ಟಿಗೆಯಲ್ಲಿ ಹತ್ತಾರು ಇದ್ದವು. ಡಿಗ್ರಿ ಆಸೆ ಇದ್ದವರಿಗೆ ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ. ನನ್ನ ತಂಗಿ 63ನೇ ವಯಸ್ಸಿನಲ್ಲಿ ಅಲ್ಲಿಂದ ಕನ್ನಡ ಎಂ.ಎ. ಮುಗಿಸಿದಳು. ಅವಳನ್ನು ಎಸ್ಸೆಸ್ಸೆಲ್ಸಿಗೆ ಬಿಡಿಸಿ ಮದುವೆ ಮಾಡಿದ್ದೆವು. ಮಾಡಿದ್ದು ತಪ್ಪು ಅಂತ ಅವಳ ಮಾರ್ಕ್ಸ್ ಕಾರ್ಡ್ ಹಿಡಿದು ಅವಳಿಗೇ ಹೇಳಿದೆ.

ಸೀರೆ ಕುಚ್ಚು

ಹಳೇ ಮೇಷ್ಟ್ರೇ, ಕಣ್ಣಲ್ಲಿ ನೀರು ಬಂತು. ನಮ್ಮಮ್ಮನದೂ ಇದೇ ಕಥೆ. ಭಜನೆಗೆ ಕರೆದರೆ ಅವರು "ನನಗೆ ದೇವರನಾಮ ನಲವತ್ತು ಬರುತ್ತೆ, ಸ್ವರ ಬರಲ್ಲ, ಸ್ವರ ಹೇಳಿಕೊಡೋರು ಇದ್ದಾರಾ?" ಅಂತ ಕೇಳುತ್ತಾರೆ. ಅವರಿಗೆ 74. ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಿಂದ ಶುರು ಮಾಡಬೇಕು ಅಂತ ಆಸೆ. ಹಾಡಿಸುವುದು ಬೇರೆ, ಕಲಿಸುವುದು ಬೇರೆ. ಇದು ಯಾಕೆ ಯಾರಿಗೂ ಅರ್ಥ ಆಗುವುದಿಲ್ಲ?

ಬ್ಯಾಂಕ್ ಕೌಂಟರ್

ಮೊಬೈಲ್ ಕ್ಲಾಸ್ ಬಗ್ಗೆ ಯಾರೂ ಹೇಳಲಿಲ್ಲ. ಒಂದೇ ನಿಯಮ ಸಾಕು: ಹೇಳಿಕೊಡುವವರು ಫೋನ್ ಮುಟ್ಟಬಾರದು. ನಮ್ಮ ಮೊಮ್ಮಕ್ಕಳು "ಕೊಡಿ ತಾತ" ಅಂತ ಕಿತ್ತುಕೊಂಡು ಎರಡು ಸೆಕೆಂಡಿನಲ್ಲಿ ಮಾಡಿ ವಾಪಸ್ ಕೊಡುತ್ತಾರೆ. ಕೆಲಸ ಆಯಿತು, ಕಲಿಕೆ ಆಗಲಿಲ್ಲ. ಬೆರಳು ನಮ್ಮದೇ ಓಡಬೇಕು. ಅಕ್ಷರ ದೊಡ್ಡದು ಮಾಡುವುದೇ ಮೊದಲ ಪಾಠ ಆಗಲಿ.

ಮೋಸದ ಕರೆ ಬಗ್ಗೆ ಒಂದು ಪೂರ್ತಿ ಕ್ಲಾಸ್ ಇಡಿ. "ಡಿಜಿಟಲ್ ಅರೆಸ್ಟ್" ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪೊಲೀಸರು ವಿಡಿಯೊ ಕಾಲ್‌ನಲ್ಲಿ ಯಾರನ್ನೂ ಬಂಧಿಸುವುದಿಲ್ಲ. ದುಡ್ಡು ಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನನ್ನ ಹಳೇ ಸಹೋದ್ಯೋಗಿ ಒಬ್ಬರು ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ದುಡ್ಡು ಕೈ ದಾಟಿತ್ತು.

ಆಡಿಯಾಲಜಿಸ್ಟ್ ಗಂಗೋತ್ರಿ · ಮಂಗಳವಾರ ರಾತ್ರಿ

ಎಲ್ಲರೂ ಏನು ಕಲಿಸಬೇಕು ಅಂತ ಹೇಳುತ್ತಿದ್ದೀರಿ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಮೇಡಂ, ಹಾಲ್ ನೆಲ ಟೈಲ್ಸಾ? ಕಿಟಕಿಗೆ ಪರದೆ ಇದೆಯಾ? ಫ್ಯಾನ್ ಸದ್ದು ಮಾಡುತ್ತದಾ? ಮಾತಾಡುವವರು ಎಲ್ಲಿ ನಿಲ್ಲುತ್ತಾರೆ?

ಗಣಿತದ ಮೇಡಂ

ಟೈಲ್ಸ್. ಪರದೆ ಇಲ್ಲ. ಫ್ಯಾನ್ ಆರು, ಎರಡು ಕಿರಗುಡುತ್ತವೆ. ಮಾತಾಡುವವರು ದೊಡ್ಡ ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಯಾಕೆ?

ಆಡಿಯಾಲಜಿಸ್ಟ್ ಗಂಗೋತ್ರಿ

ಅವರಿಗೆ ಕೇಳಿಸುತ್ತಿಲ್ಲ ಅನ್ನಿಸುತ್ತದೆ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗುವುದು ಸಣ್ಣ, ಕೀರಲು ಸದ್ದು. ಸ, ಶ, ತ, ಕ, ಪ ಇಂಥ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಮಾತ್ರ ಗಟ್ಟಿಯಾಗಿ ಕೇಳುತ್ತವೆ. "ತಲೆ" ಮತ್ತು "ಕಲೆ" ಒಂದೇ ಥರ ಆಗಿಬಿಡುತ್ತವೆ. ಅದಕ್ಕೇ ಅವರು "ಸದ್ದು ಕೇಳುತ್ತೆ, ಮಾತು ಗೊತ್ತಾಗಲ್ಲ" ಅನ್ನುವುದು. ಕಿರುಚಿದರೆ ಪ್ರಯೋಜನ ಇಲ್ಲ, ಸ್ವರವೇ ಇನ್ನೂ ಜೋರಾಗುತ್ತದೆ. ಬರೀ ಟೈಲ್ಸ್ ಇರುವ ಹಾಲ್‌ನಲ್ಲಿ ಮಾತು ಗೋಡೆಗೆ ಬಡಿದು ಒಂದರ ಮೇಲೊಂದು ಬೀಳುತ್ತದೆ. ಬೆಳಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ನಮಗೆ ಗೊತ್ತಿಲ್ಲದೇ ನಾವೆಲ್ಲ ತುಟಿ ನೋಡಿಯೂ ಮಾತು ಅರ್ಥ ಮಾಡಿಕೊಳ್ಳುತ್ತಿರುತ್ತೇವೆ. ಒಂದೂವರೆ ಗಂಟೆ ಹೀಗೆ ಊಹೆ ಮಾಡುತ್ತಾ ಕೂತರೆ ತಲೆ ದಣಿಯುತ್ತದೆ. ಆಮೇಲೆ ನಿದ್ದೆ ಬರುತ್ತದೆ.

ಊಟದ ಟೇಬಲ್‌ನಲ್ಲಿ ವಾದ ಮಾಡುತ್ತಾರೆ ಅಂದಿರಲ್ಲ? ಅಲ್ಲಿ ಎದುರಿಗಿರುವವರು ಮೂರಡಿ ದೂರದಲ್ಲಿ ಇರುತ್ತಾರೆ.

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2020ರ ವರದಿ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ಬದಲಾಯಿಸಬಹುದಾದ 12 ಅಂಶಗಳನ್ನು ಹೇಳಿತ್ತು. ಕಿವಿ ಮಂದವಾಗುವುದು, ಒಂಟಿತನ, ಮೈ ಆಡಿಸದಿರುವುದು ಮೂರೂ ಅದರಲ್ಲಿವೆ. 2024ರಲ್ಲಿ ಪಟ್ಟಿ 14 ಆಯಿತು, ಕಣ್ಣು ಮಂದವಾಗುವುದೂ ಸೇರಿತು.

ಪುಸ್ತಕದ ಹುಳು

ಒಂದು ತಿದ್ದುಪಡಿ. ಹಿಯರಿಂಗ್ ಏಡ್ ಹಾಕಿದರೆ ಮರೆವು ಬರುವುದೇ ಇಲ್ಲ ಅಂತ ಯಾರೂ ತಿಳಿಯಬಾರದು.

ಆಡಿಯಾಲಜಿಸ್ಟ್ ಗಂಗೋತ್ರಿ

ಸರಿ. ಅಪಾಯ ಕಡಿಮೆಯಾಗಬಹುದು ಅಂತಷ್ಟೇ. ಆದರೆ ಪಕ್ಕದವರ ಮಾತು ಕೇಳಿಸುವುದೇ ಒಂದು ದೊಡ್ಡ ಲಾಭ. ನಮ್ಮೂರಲ್ಲೇ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಮೈಸೂರಿನವರೇ ಕಿವಿ ತೋರಿಸೋಕೆ ನಾಚಿಕೊಂಡರೆ ಹೇಗೆ?

ಸರಸ್ವತಿಪುರಂ ಸೊಸೆ

ನೆಲಕ್ಕೆ ಜಮಖಾನ ಹಾಸಿದರೆ ಮಾರ್ದನಿ ಕಡಿಮೆ ಆಗುತ್ತಾ?

ಫಿಸಿಯೋ ವಿಜಯನಗರ

ಅಯ್ಯೋ ಬೇಡ! ಜಮಖಾನದ ಅಂಚಿಗೆ ಕಾಲು ಸಿಕ್ಕಿ ಬೀಳುತ್ತಾರೆ. ಗೋಡೆಗೆ ತೂಗುಹಾಕಿ.

ಗಣಿತದ ಮೇಡಂ · ಶನಿವಾರ ಸಂಜೆ

ತಡವಾಗಿದ್ದಕ್ಕೆ ಕ್ಷಮಿಸಿ. ಗಣಿತದವಳು, ಅಳತೆ ಮಾಡದೆ ನಂಬುವುದಿಲ್ಲ. ಗುರುವಾರ ಹಾಲ್‌ನಲ್ಲಿ 24 ಜನರನ್ನು ನಾಲ್ಕು ಸಾಲಿನಲ್ಲಿ ಕೂರಿಸಿದೆ. ಉಪನ್ಯಾಸಕರು ನಿಲ್ಲುವ ಜಾಗದಲ್ಲೇ ನಿಂತು 20 ಪದ ಓದಿದೆ, ಕೇಳಿದ್ದನ್ನು ಬರೆಯಿರಿ ಅಂದೆ. ಮೊದಲ ಸಾಲಿನವರು ಸರಾಸರಿ 16 ಸರಿ ಬರೆದರು. ಕೊನೆಯ ಸಾಲಿನವರು 7. ಕೊನೆಯ ಸಾಲಿನಲ್ಲಿ ಇದ್ದವರು ಯಾರು ಗೊತ್ತಾ? ಬಾತ್‌ರೂಮ್ ಹತ್ತಿರ ಇರಲಿ ಅಂತ ಹಿಂದೆ ಕೂರುವವರು. ಸಿಸ್ಟರ್ ಹೇಳಿದ್ದೂ ಕಿವಿಯ ಮಾತೂ ಒಂದೇ ಕಡೆ ಬಂದು ಸೇರಿತು.

ಶುಕ್ರವಾರ ಹಾಲ್ ಬದಲಾಯಿಸಿದೆವು. ಬಾತ್‌ರೂಮ್ ಬಾಗಿಲು ಪಕ್ಕಕ್ಕೆ ಬರುವಂತೆ ಕುರ್ಚಿಗಳನ್ನು ಅರ್ಧ ಚಂದ್ರದ ಥರ ಎರಡೇ ಸಾಲು ಹಾಕಿದೆವು. ಕಿರಗುಡುವ ಫ್ಯಾನ್ ಆಫ್. ದಪ್ಪ ಹತ್ತಿ ಪರದೆ ಕಟ್ಟಿದೆವು, ಜಮಖಾನ ಗೋಡೆಗೆ ಹೋಯಿತು. ಮಾತಾಡುವವರ ಮುಖಕ್ಕೆ ಬೆಳಕು ಬೀಳುತ್ತದೆ. ಮೈಕ್ ಬಾಯಿ ಹತ್ತಿರ. ಬೇರೆ 20 ಪದ ಓದಿದೆ. ಹಿಂದಿನ ಸಾಲಿನವರು 14 ಬರೆದರು. ಒಬ್ಬರು ಹಾಳೆ ಹಿಡಿದುಕೊಂಡು "ನಾನು ದಡ್ಡಿ ಆಗಿಬಿಟ್ಟೆ ಅಂದುಕೊಂಡಿದ್ದೆ" ಅಂದರು. ಒಂದು ವರ್ಷದಿಂದ ಅವರು ಹಾಗೇ ಅಂದುಕೊಂಡಿದ್ದರಂತೆ. ನನಗೆ ಮಾತೇ ಬರಲಿಲ್ಲ.

ಹೊಸ ಪಟ್ಟಿ: ಯೋಗ ಹತ್ತಕ್ಕೆ, ನೆಲದ ಗುಂಪು ಕುರ್ಚಿ ಗುಂಪು ಬೇರೆ ಬೇರೆ, ಮೊದಲು ಪ್ರತಿಯೊಬ್ಬರ ಕಾಯಿಲೆ ಚೀಟಿ. ಸೋಮ, ಬುಧ, ಶುಕ್ರ ಬಲ ಮತ್ತು ಸಮತೋಲನ. ಯಾವ ಕ್ಲಾಸೂ 40 ನಿಮಿಷ ದಾಟುವುದಿಲ್ಲ. ಉಪನ್ಯಾಸ ಇಬ್ಬರು ಹೊರಗಿನವರದು, ಇಬ್ಬರು ಒಳಗಿನವರದು. ಒಳಗಿನವರಲ್ಲಿ ಒಬ್ಬರು ರೈಲ್ವೆ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿದ್ದವರು. ಎರಡು ರೈಲು ಒಂದೇ ಹಳಿಗೆ ಬರದಂತೆ ಹೇಗೆ ತಡೆಯುತ್ತಾರೆ ಅಂತ ಹೇಳುತ್ತಾರೆ. ಇನ್ನೊಬ್ಬರು ಅಳಗುಳಿಮಣೆ, ಚೌಕಾಬಾರ ಕಲಿಸುತ್ತಾರೆ.

ನಾನು ಸಂಜೆ ನಾಲ್ಕಕ್ಕೆ ಒಂದು ಕ್ಲಾಸ್ ತೆಗೆದುಕೊಳ್ಳುತ್ತೇನೆ, ನಮ್ಮವರಿಗಲ್ಲ. ಕಸ ಗುಡಿಸುವ, ಅಡುಗೆ ಮಾಡುವ ಐದು ಜನ ಹೆಂಗಸರು ಪಕ್ಕದ ಹಳ್ಳಿಯಿಂದ ಬರುತ್ತಾರೆ. ಬ್ಯಾಂಕ್ ಚೀಟಿ ತುಂಬುವುದು, ಬಡ್ಡಿ ಲೆಕ್ಕ ಕಲಿಯಬೇಕು ಅಂತ ಅವರೇ ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ಕಪ್ಪು ಹಲಗೆ ತರಿಸಿದ್ದೇನೆ.

ಸೀರೆ ಕುಚ್ಚು

ಸ್ವರದ ಕ್ಲಾಸ್ ಇದೆಯಾ ಮೇಡಂ?

ಗಣಿತದ ಮೇಡಂ

ಇನ್ನೂ ಇಲ್ಲ. ಹೇಳಿಕೊಡುವವರು ಸಿಕ್ಕಿಲ್ಲ. ನಿಮ್ಮಮ್ಮನ ಥರದವರು ನಮ್ಮಲ್ಲೂ ಮೂರು ಜನ ಇದ್ದಾರೆ. ಸಿಕ್ಕಿದರೆ ನಿಮ್ಮಮ್ಮನೂ ಬರಲಿ, ಆಫೀಸಿನಲ್ಲಿ ನಾನು ಮಾತಾಡುತ್ತೇನೆ.

ಜಗನ್ಮೋಹನದ ನೆನಪು

ನಾನು ಹತ್ತು ವರ್ಷ ವೀಣೆ ಕಲಿತವನು, ಹಾಡುವುದು ಅಷ್ಟಕ್ಕಷ್ಟೆ. ಆದರೆ ಸರಳೆ, ಜಂಟಿ, ಅಲಂಕಾರದವರೆಗೆ ಹೇಳಿಕೊಡಬಲ್ಲೆ. ಮಂಗಳವಾರ, ಗುರುವಾರ ನಾಲ್ಕೂವರೆ ಆಗುತ್ತದಾ?

ಸೀರೆ ಕುಚ್ಚು

ಅಮ್ಮ ಪಕ್ಕದಲ್ಲೇ ಇದ್ದಾರೆ. ಶ್ರುತಿಪೆಟ್ಟಿಗೆ ತರಬೇಕಾ ಅಂತ ಕೇಳುತ್ತಿದ್ದಾರೆ.

ಮಂಡ್ಯ ಹೈದ

ಚೌಕಾಬಾರಕ್ಕೆ ಕವಡೆ ಬೇಕಾದರೆ ಹೇಳಿ ಮೇಡಂ. ಅಜ್ಜಿಯದು ಒಂದು ಚೀಲ ಇದೆ. ಅಳಗುಳಿಮಣೆಗೆ ಹುಣಸೆಬೀಜವೂ ತರುತ್ತೇನೆ.

ಗಣಿತದ ಮೇಡಂ

ಎರಡೂ ತನ್ನಿ. ನಿಮ್ಮಪ್ಪನ್ನೂ ಕರೆದುಕೊಂಡು ಬನ್ನಿ, ಸೊಪ್ಪಿನ ತೊಟ್ಟಿ ಎಲ್ಲಿ ಕಟ್ಟಿಸಬೇಕು ಅಂತ ಜಾಗ ತೋರಿಸಬೇಕು.